ಮಾರ್ಚ್ 31ಕ್ಕೆ ಈಸ್ಟರ್ ಬಂದಾಗ: ಹೊಸ ಕೆಲಸಕ್ಕೆ ಸೇರಿದ ಒಬ್ಬ ಕಥೋಲಿಕ ಹುಡುಗಿಯ ಪ್ರಕರಣ

2024ರಲ್ಲಿ ಈಸ್ಟರ್ ಬಂದದ್ದು ಮಾರ್ಚ್ 31ಕ್ಕೆ. ಅಕೌಂಟ್ಸ್ ಕೆಲಸದವರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದು ಅವರೇ ಊಹಿಸಿಕೊಳ್ಳುತ್ತಾರೆ. ಅದು ಹಣಕಾಸು ವರ್ಷದ ಕೊನೆಯ ದಿನ. ಅದಕ್ಕೆ ಎರಡು ದಿನ ಮೊದಲು ಗುಡ್ ಫ್ರೈಡೇ. ಸರ್ಕಾರಿ ವ್ಯವಹಾರ ನೋಡುವ ಬ್ಯಾಂಕ್ ಶಾಖೆಗಳು ಆ ಭಾನುವಾರವೂ ತೆರೆದಿರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕೇ ತೆರೆದಿದ್ದರೆ ಪೀಣ್ಯದ ಕಾರ್ಖಾನೆಗಳು ಬಾಗಿಲು ಹಾಕುತ್ತವಾ?

ಆ ವರ್ಷದ ಜನವರಿಯಲ್ಲಿ ಪೀಣ್ಯದ ಒಂದು ಮಧ್ಯಮ ಗಾತ್ರದ ಕಾರ್ಖಾನೆಯ ಅಕೌಂಟ್ಸ್ ವಿಭಾಗಕ್ಕೆ ಸೇರಿದ ಹುಡುಗಿಯ ಪ್ರಕರಣ ಇದು. ಅವಳ ಹೆಸರು, ಕಂಪನಿಯ ಹೆಸರು ಎರಡೂ ಇಲ್ಲಿ ಬೇಡ. ನಾನು ಆ ಕಡೆಯ ಕಾರ್ಖಾನೆಗಳ ಪರ್ಸನಲ್ ವಿಭಾಗದಲ್ಲಿ ಬಹಳ ವರ್ಷ ದುಡಿದವನು. ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಚರ್ಚಿಗೆ ಸೇರಿದ, ಹುಡುಗರು ಕೆಲಸ ಸಿಕ್ಕಿದಾಗ ಬಂದು ಏನಾದರೂ ಕೇಳುತ್ತಿರುತ್ತಾರೆ. ಸಂಬಳದ ಚೀಟಿ ತೋರಿಸಿ ಪಿಎಫ್ ಯಾಕೆ ಇಷ್ಟು ಕಟ್ ಆಯಿತು ಅಂತ ಕೇಳುವವರೇ ಜಾಸ್ತಿ. ಇವಳು ಕೇಳಿದ್ದು ಬೇರೆ. "ಅಂಕಲ್, ಕತ್ತಿನ ಶಿಲುಬೆ ಬಟ್ಟೆ ಒಳಗೆ ಹಾಕ್ಕೊಳ್ಳಬೇಕಾ, ಹೊರಗೆ ಇದ್ರೂ ನಡೆಯುತ್ತಾ?"

ಅವಳಿಗೆ ಈ ಪ್ರಶ್ನೆ ಹುಟ್ಟಿದ್ದಕ್ಕೆ ಕಾರಣ ಇತ್ತು. ಅವಳ ಊರು ಕನಕಪುರದ ಕಡೆ. ಅಲ್ಲಿ ಹಾರೋಬೆಲೆಯಂಥ ಊರುಗಳಿವೆ. ಮನೆ ಮಾತು ಕನ್ನಡ, ಊಟ ಮುದ್ದೆ ಸೊಪ್ಪಿನ ಸಾರು, ಧರ್ಮ ಕಥೋಲಿಕ. ಹಾರೋಬೆಲೆಯಲ್ಲಿ ಗುಡ್ ಫ್ರೈಡೇ ಹೊತ್ತಿಗೆ ಯೇಸುವಿನ ಯಾತನೆಯನ್ನು ನಾಟಕ ಮಾಡಿ ಆಡುತ್ತಾರೆ, ಆ ಪದ್ಧತಿಗೆ ನೂರು ವರ್ಷದ ಮೇಲಾಯಿತು. ಅಂಥ ಕಡೆ ಬೆಳೆದವರಿಗೆ ನಂಬಿಕೆಯನ್ನು ಯಾರಿಗೂ ವಿವರಿಸುವ ಪ್ರಸಂಗವೇ ಬರುವುದಿಲ್ಲ. ಬೆಂಗಳೂರಿನಲ್ಲಿ ಅವಳು ಓದಿದ್ದು ಸಿಸ್ಟರ್‌ಗಳ ಕಾಲೇಜು, ಇದ್ದದ್ದು ಅವರದೇ ಹಾಸ್ಟೆಲ್. ತಾನೊಬ್ಬಳೇ ಕಥೋಲಿಕಳಾಗಿರುವ ಕೋಣೆಯಲ್ಲಿ ಅವಳು ಮೊದಲ ಸಲ ಕುಳಿತದ್ದು ಈ ಆಫೀಸಿನಲ್ಲೇ.

ಶಿಲುಬೆಯ ಪ್ರಶ್ನೆಗೆ ಉತ್ತರ ಸುಲಭ ಇತ್ತು. ಆಫೀಸಿನಲ್ಲಿ ಹೊರಗೇ ಇರಲಿ, ಯಾರೂ ಏನೂ ಅನ್ನುವುದಿಲ್ಲ. ಸ್ಟಾಕ್ ಎಣಿಸಲು ಮಷಿನ್ ಶಾಪಿಗೆ ಇಳಿದಾಗ ಒಳಗೆ ಹಾಕು, ಇಲ್ಲ ತೆಗೆದಿಡು. ಲೇತ್ ಪಕ್ಕ ಜೋತಾಡುವ ಸರ ತಾಳಿಯಾದರೂ ಒಂದೇ, ಶಿಲುಬೆಯಾದರೂ ಒಂದೇ. ಇಂಗ್ಲೆಂಡಿನ ಇಬ್ಬರು ಕ್ರೈಸ್ತ ಮಹಿಳೆಯರ ವಿಷಯದಲ್ಲಿ ಯುರೋಪಿನ ಮಾನವ ಹಕ್ಕು ನ್ಯಾಯಾಲಯ 2013ರ ಜನವರಿಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಬ್ರಿಟಿಷ್ ಏರ್‌ವೇಸ್‌ನ ನಾಡಿಯಾ ಎವೀಡಾ ಗೆದ್ದರು, ಯಾಕೆಂದರೆ ಅಲ್ಲಿ ಇದ್ದದ್ದು ಬರೀ ಸಮವಸ್ತ್ರದ ಅಂದಚಂದದ ಮಾತು. ನರ್ಸ್ ಶರ್ಲಿ ಚಾಪ್ಲಿನ್ ಸೋತರು, ಯಾಕೆಂದರೆ ಅಲ್ಲಿ ರೋಗಿಗಳ ಸುರಕ್ಷತೆಯ ಮಾತಿತ್ತು. ಎರಡೂ ಒಂದೇ ದಿನದ, ಒಂದೇ ತೀರ್ಪಿನ ಮಾತು. ಇದನ್ನು ಅವಳಿಗೆ ಹೇಳಿದೆ. ಅವಳಿಗೆ ಕೋರ್ಟು ಕಚೇರಿ ಬೇಕಿರಲಿಲ್ಲ. ಸರ ಹೊರಗೆ ಬಿಟ್ಟಳು, ಅಷ್ಟೇ.

ಹಣೆಯ ಬೂದಿ

ಅಸಲಿ ಪರೀಕ್ಷೆ ಬಂದದ್ದು ಫೆಬ್ರವರಿ 14ಕ್ಕೆ. ಆ ವರ್ಷ ಬೂದಿ ಬುಧವಾರ ಮತ್ತು ವ್ಯಾಲೆಂಟೈನ್ಸ್ ಡೇ ಒಂದೇ ದಿನ. ಈಸ್ಟರ್‌ಗೆ ಮುಂಚಿನ ವ್ರತದ ದಿನಗಳು, ಅಂದರೆ ತಪಸ್ಸು ಕಾಲ, ಶುರುವಾಗುವ ದಿನ ಅದು. 18 ತುಂಬಿದವರು 59ರ ತನಕ ಉಪವಾಸ ಮಾಡಬೇಕು. ಉಪವಾಸ ಅಂದರೆ ಒಂದು ಹೊತ್ತು ಪೂರ್ತಿ ಊಟ, ಮಿಕ್ಕ ಎರಡು ಹೊತ್ತು ಸ್ವಲ್ಪ ಏನಾದರೂ. ಮಾಂಸ ಮುಟ್ಟುವಂತಿಲ್ಲ. ಹಿಂದಿನ ವರ್ಷದ ಗರಿಗಳ ಭಾನುವಾರದ (ಈಸ್ಟರ್‌ಗೆ ಒಂದು ವಾರ ಮುಂಚಿನ ಭಾನುವಾರ) ಗರಿಗಳನ್ನು ಸುಟ್ಟು ಮಾಡಿದ ಬೂದಿಯನ್ನು ಗುರುಗಳು ಹಣೆಗೆ ಹಚ್ಚುತ್ತಾರೆ.

ಅವಳು ಬೆಳಗಿನ ಆರರ ಪೂಜೆಗೆ ಹೋಗಿ, ಹಣೆಯ ಮೇಲಿನ ಬೂದಿಯ ಸಮೇತ ಮೆಟ್ರೋ ಹತ್ತಿ ಆಫೀಸಿಗೆ ಬಂದಳು. ಸೆಕ್ಯುರಿಟಿಯವರು ಏನೂ ಅನ್ನಲಿಲ್ಲ. ಹೌಸ್‌ಕೀಪಿಂಗ್‌ನ ಅಕ್ಕ "ಮೇಡಂ, ಹಣೆಗೆ ಮಸಿ ಆಗಿದೆ" ಅಂತ ಸೆರಗಿನಿಂದಲೇ ಒರೆಸಲು ಬಂದರು. ಇವಳು ನಗುತ್ತಾ ಹಿಂದೆ ಸರಿದಳು. ಅಕೌಂಟ್ಸ್‌ನ ಹಿರಿಯರೊಬ್ಬರು ದಿನವೂ ಮೂರು ಬೆರಳ ವಿಭೂತಿ ಧರಿಸಿ ಬರುವವರು. ಅವರು ಕನ್ನಡಕದ ಮೇಲಿಂದ ನೋಡಿ, "ಓ, ನಿಮ್ಮಲ್ಲೂ ಇದೆಯಾ ಇದು? ನಮ್ಮದೂ ಬೂದಿ, ನಿಮ್ಮದೂ ಬೂದಿ" ಅಂದರು. ಪಕ್ಕದ ಸೀಟಿನ ಹುಡುಗ ಮಾತ್ರ, "ಎಲ್ರೂ ಇವತ್ತು ಗುಲಾಬಿ ತಂದ್ರೆ ನೀವು ಬೂದಿ ತಂದಿದ್ದೀರಲ್ಲ" ಅಂದ. ಇಡೀ ಸೆಕ್ಷನ್ ನಕ್ಕಿತು, ಅವಳೂ ನಕ್ಕಳು.

ಸಂಜೆ ಫೋನ್ ಮಾಡಿದಾಗ ಅವಳ ಗೊಂದಲ ಇದ್ದದ್ದು ನಗುವವರ ಬಗ್ಗೆ ಅಲ್ಲ. ಬೂದಿ ಬುಧವಾರ ಚರ್ಚಿನಲ್ಲಿ ಓದುವ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯದ್ದು. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ, ಜನಕ್ಕೆ ತೋರಿಸಬೇಡ ಎಂದು ಯೇಸು ಹೇಳುವ ಭಾಗ. "ಅಂಕಲ್, ಮುಖ ತೊಳಿ ಅಂತ ಓದಿ, ಕೂಡಲೇ ಬೂದಿ ಹಚ್ಚಿ ಕಳಿಸ್ತಾರಲ್ಲ. ಆಫೀಸಿಗೆ ಹಾಗೇ ಬಂದಿದ್ದು ತೋರಿಕೆನಾ?"

ಒಳ್ಳೆ ಪ್ರಶ್ನೆ. ಬೂದಿಯನ್ನು ದಿನವಿಡೀ ಇಟ್ಟುಕೊಳ್ಳಬೇಕು ಅಂತ ಚರ್ಚಿನ ನಿಯಮ ಏನಿಲ್ಲ. ಒರೆಸಿಕೊಂಡರೆ ಪಾಪವೂ ಅಲ್ಲ. ನನ್ನ ಅಭಿಪ್ರಾಯ ಹೇಳಿದೆ. ಬೂದಿ ಕಂಡರೆ ಕಾಣಲಿ, ಹಸಿವು ಕಾಣದಿರಲಿ. ಮಧ್ಯಾಹ್ನ ಟೀಮಿನವರು ಊಟಕ್ಕೆ ಕರೆದಾಗ "ನಾನು ಉಪವಾಸ" ಎಂದು ಮುಖ ಸಣ್ಣ ಮಾಡಿಕೊಂಡು ಕೂರುವುದು ತೋರಿಕೆ. ಅವರ ಜೊತೆ ಕೂತು ಒಂದು ಬಾಳೆಹಣ್ಣು ತಿಂದು ಹರಟೆ ಹೊಡೆಯುವುದು ತೋರಿಕೆ ಅಲ್ಲ. ತಪಸ್ಸು ಕಾಲದ ಶುಕ್ರವಾರಗಳಲ್ಲೂ ಮಾಂಸ ಇಲ್ಲ. ಮುಂದಿನ ಶುಕ್ರವಾರಗಳಲ್ಲಿ ಅವಳು ಮಾಡಿದ್ದು ಇದನ್ನೇ. ಕ್ಯಾಂಟೀನಿನಲ್ಲಿ ಶುಕ್ರವಾರ ಬಿರಿಯಾನಿ. ಇವಳ ಡಬ್ಬಿಯಲ್ಲಿ ಮೀನು ಸಾರು. "ಚಿಕನ್ ಆಗಲ್ಲ, ಮೀನು ಆಗುತ್ತಾ? ಇದ್ಯಾವ ಸೀಮೆ ವ್ರತ?" ಅಂತ ಒಂದು ವಾರ ಚರ್ಚೆ ನಡೆಯಿತು. ಮೀನು ಮಾಂಸದ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಪೀಣ್ಯದ ಒಂದು ಅಕೌಂಟ್ಸ್ ವಿಭಾಗಕ್ಕೆ ಒಪ್ಪಿಸುವುದು ಕಷ್ಟ.

ರಜೆಯ ಪತ್ರ

ಕರ್ನಾಟಕ ಸರ್ಕಾರದ ರಜಾ ಪಟ್ಟಿಯಲ್ಲಿ ಗುಡ್ ಫ್ರೈಡೇ ಇದೆ. ಕಾರ್ಖಾನೆಗಳ ಲೆಕ್ಕ ಬೇರೆ. ಅವಕ್ಕೆ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯಿದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕೊಡಲೇಬೇಕು. ಅದರ ಮೇಲೆ ಐದು ಹಬ್ಬದ ರಜೆ. ಯಾವ ಐದು ಎಂಬುದು ಜನ ಜಾಸ್ತಿ ಇರುವ ಕಡೆ ವಾಲುತ್ತದೆ, ಅದು ಸಹಜ. ಈ ಕಂಪನಿಯ ಐದರಲ್ಲಿ ಕ್ರಿಸ್ಮಸ್ಸೂ ಇರಲಿಲ್ಲ, ರಂಜಾನೂ ಇರಲಿಲ್ಲ. ಹಾಗಾಗಿ ಅವಳಿಗೆ ಬೇಕಾದದ್ದು ಸ್ವಂತ ರಜೆ, ಅದೂ ಇಯರ್ ಎಂಡಿಂಗ್ ವಾರದಲ್ಲಿ, ಸೇರಿ ಮೂರು ತಿಂಗಳಾಗುವ ಮುಂಚೆ, ಪ್ರೊಬೇಷನ್‌ನಲ್ಲಿರುವಾಗ.

ಅವಳ ಜಾಣತನ ನನಗೆ ಕಂಡದ್ದು ಇಲ್ಲಿ. ರಜೆ ಕೇಳುವ ಮೊದಲು ಚರ್ಚು ನಿಜವಾಗಿ ಏನು ಕೇಳುತ್ತದೆ ಅಂತ ಹೋಗಿ ಫಾದರ್‌ ಹತ್ತಿರ ತಿಳಿದುಕೊಂಡಳು. ನಮ್ಮಲ್ಲಿ ಬಹಳ ಜನಕ್ಕೆ ಯಾವುದು ಕಡ್ಡಾಯ, ಯಾವುದು ರೂಢಿ ಅಂತಲೇ ಗೊತ್ತಿರುವುದಿಲ್ಲ. ಕೇಳಿದರೆ ಈಸ್ಟರ್‌ಗೆ ಮುಂಚಿನ ಇಡೀ ಪವಿತ್ರ ವಾರ ಬೇಕು ಅನ್ನುತ್ತಾರೆ, ಸಿಗದಿದ್ದರೆ ಎಲ್ಲವನ್ನೂ ಬಿಡುತ್ತಾರೆ. ಈಸ್ಟರ್ ಭಾನುವಾರದ ಬಲಿಪೂಜೆ (ಚರ್ಚಿನ ಮುಖ್ಯ ಪೂಜೆ, ಮಾಸ್) ಕಡ್ಡಾಯ. ಆದರೆ ಶನಿವಾರ ರಾತ್ರಿಯ ಜಾಗರಣೆಯ ಪೂಜೆಗೆ ಹೋದರೂ ಆ ಕರ್ತವ್ಯ ಮುಗಿದಂತೆಯೇ. ಗುಡ್ ಫ್ರೈಡೇ ದಿನ ಉಪವಾಸ ಕಡ್ಡಾಯ. ಆ ದಿನ ಬಲಿಪೂಜೆಯೇ ಇರುವುದಿಲ್ಲ, ಮಧ್ಯಾಹ್ನ ಮೂರರ ಹೊತ್ತಿಗೆ ಯಾತನೆಯ ಆರಾಧನೆ ಇರುತ್ತದೆ. ಅದಕ್ಕೆ ಹೋಗಲೇಬೇಕು ಅಂತ ಕಾನೂನಿಲ್ಲ, ಹೋಗದೆ ಇರುವ ಕಥೋಲಿಕರು ಮಾತ್ರ ಕಡಿಮೆ. ಪವಿತ್ರ ಗುರುವಾರ ಸಂಜೆ ಪಾದ ತೊಳೆಯುವ ಪೂಜೆ ಅವಳಿಗೆ ಇಷ್ಟ. ಅದೂ ಕಡ್ಡಾಯ ಅಲ್ಲ.

ಇಷ್ಟು ತಿಳಿದುಕೊಂಡು ಫೆಬ್ರವರಿಯಲ್ಲೇ ಮ್ಯಾನೇಜರ್‌ಗೆ ಮೇಲ್ ಬರೆದಳು. ಕಳಿಸುವ ಮುಂಚೆ ನನಗೆ ತೋರಿಸಿದಳು. ಸಾರಾಂಶ ಹೀಗಿತ್ತು: "ಸರ್, ಮಾರ್ಚ್ 29 ಗುಡ್ ಫ್ರೈಡೇ, 31 ಈಸ್ಟರ್. ನಾನು ಕಥೋಲಿಕಳು. ಶುಕ್ರವಾರ ಒಂದು ದಿನ ರಜೆ ಬೇಕು. ಗುರುವಾರ ಎಷ್ಟು ಹೊತ್ತಾದರೂ ಕೂತು ಬ್ಯಾಂಕ್ ರೀಕನ್ಸಿಲಿಯೇಷನ್ (ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವುದು) ಮುಗಿಸಿಕೊಡುತ್ತೇನೆ. ಶನಿವಾರ ರಾತ್ರಿ ಎಂಟರವರೆಗೆ ಇರುತ್ತೇನೆ. ಭಾನುವಾರ ಮಧ್ಯಾಹ್ನ ಎರಡಕ್ಕೆ ಬಂದು ಕ್ಲೋಸಿಂಗ್ ಮುಗಿಯುವ ತನಕ ಇರುತ್ತೇನೆ." ಅದರಲ್ಲಿ ಕ್ಷಮೆ ಕೇಳುವ ಸಾಲು ಒಂದೂ ಇರಲಿಲ್ಲ, ಹಕ್ಕಿನ ಮಾತೂ ಇರಲಿಲ್ಲ. ನಾನು ಒಂದು ಅಕ್ಷರ ತಿದ್ದಲಿಲ್ಲ.

ಮ್ಯಾನೇಜರ್ ಉತ್ತರ ಎರಡೇ ಮಾತು. ಮಾರ್ಚಲ್ಲಿ ಯಾರಿಗೂ ರಜೆ ಇಲ್ಲ. ನೋಡೋಣ.

ಪರ್ಸನಲ್ ವಿಭಾಗದಲ್ಲಿ ಕೂತವನಾಗಿ ಹೇಳುತ್ತೇನೆ, "ನೋಡೋಣ" ಅಂದರೆ ಮುಕ್ಕಾಲು ಪಾಲು ಹೌದು. ಆ ಮನುಷ್ಯ ಕೆಟ್ಟವರಲ್ಲ. ಅವರಿಗೆ ಬೇಕಾದದ್ದು ಸೋಮವಾರ ಬೆಳಿಗ್ಗೆ ಟ್ಯಾಲಿ ಸಾಫ್ಟ್‌ವೇರ್‌ನಲ್ಲಿ ಲೆಕ್ಕ ಕೂರುವುದು. ಅದಕ್ಕೆ ಯಾರು ಯಾವಾಗ ಇರುತ್ತಾರೆ ಎಂಬುದು ಆರು ವಾರ ಮೊದಲೇ ಗೊತ್ತಾದರೆ ಅವರು ಅರ್ಧ ಗೆದ್ದಂತೆ. ಇದೇ ಮಾತನ್ನು ಅವಳು ಮಾರ್ಚ್ 27ಕ್ಕೆ ಹೇಳಿದ್ದರೆ ಜಗಳವಾಗುತ್ತಿತ್ತು. ಕೊನೆಗೆ ಶುಕ್ರವಾರ ಅರ್ಧ ದಿನ ಸಿಕ್ಕಿತು. ಹನ್ನೆರಡಕ್ಕೆ ಹೊರಟು ಮೂರಕ್ಕೆ ಚರ್ಚಿನಲ್ಲಿದ್ದಳು.

ಮನೆಯಲ್ಲಿ ಯಾರಿಗೂ ಇದು ಹಿಡಿಸಲಿಲ್ಲ. ಊರಿನ ನಾಟಕಕ್ಕೆ ಅವಳು ಹೋಗಲಿಲ್ಲ. ಅವಳ ಚಿಕ್ಕಪ್ಪ ಅದರಲ್ಲಿ ರೋಮನ್ ಸೈನಿಕ, ಪ್ರತಿ ವರ್ಷ ಅವನ ಹೆಲ್ಮೆಟ್‌ಗೆ ಬೆಳ್ಳಿ ಬಣ್ಣದ ಕಾಗದ ಅಂಟಿಸುವ ಕೆಲಸ ಇವಳದು. "ಈಸ್ಟರ್ ದಿನ ಆಫೀಸಿಗಾ? ನಾಳೆ ಕ್ರಿಸ್ಮಸ್‌ಗೂ ಹೋಗು" ಅಂತ ತಾಯಿ ಫೋನಿನಲ್ಲಿ ಬೈದರು. ನಮ್ಮ ಧರ್ಮಕೇಂದ್ರದಲ್ಲೂ ಕೆಲವರು, ಇಷ್ಟು ಬಿಟ್ಟುಕೊಟ್ಟ ಮೇಲೆ ಉಳಿದದ್ದೇನು ಎಂದರು. ಭಾನುವಾರ ಕೆಲಸ ಮಾಡಬಾರದು ಎಂಬ ನಿಯಮ ನಮಗಿದೆ, ಸುಳ್ಳಲ್ಲ. ಆದರೆ ನಿಜವಾದ ಅಗತ್ಯಕ್ಕೆ ಅದರಲ್ಲಿ ಜಾಗವೂ ಇದೆ. ಫಾದರ್ ಹೇಳಿದ್ದು ಇಷ್ಟು: ಈ ಸಲ ಆಗಲಿ, ಅಭ್ಯಾಸ ಆಗದಿರಲಿ. ನಾನು ಫಾದರ್ ಕಡೆಗೆ. ಅವಳು ಬಿಟ್ಟುಕೊಟ್ಟದ್ದು ರೂಢಿಯನ್ನು. ರೂಢಿ ಬಿಡುವುದೂ ನೋವೇ, ಅದನ್ನು ಅಲ್ಲಗಳೆಯುವುದಿಲ್ಲ.

ಭಾನುವಾರ ಸಂಜೆಯ ಬಿಲ್ಲು

ನಂಬಿಕೆ ಅಂದರೆ ರಜೆ, ಬೂದಿ, ಮೀನು ಸಾರು ಇಷ್ಟೇ ಆಗಿದ್ದರೆ ನಾನು ಈ ಪ್ರಕರಣ ಬರೆಯುತ್ತಿರಲಿಲ್ಲ. ಈಸ್ಟರ್ ಸಂಜೆ ಏಳರ ಹೊತ್ತಿಗೆ ಸೇಲ್ಸ್‌ನ ಒಬ್ಬರು ಅವಳ ಟೇಬಲ್ಲಿಗೆ ಬಂದರು. ಒಂದು ದೊಡ್ಡ ಆರ್ಡರ್ ಪ್ಯಾಕಿಂಗ್ ಆಗಿ ನಿಂತಿದೆ, ಲಾರಿ ಬರುವುದು ಏಪ್ರಿಲ್ 2ಕ್ಕೆ. ಬಿಲ್ಲನ್ನು ಇವತ್ತಿನ ತಾರೀಖಿಗೆ ಹಾಕಿಬಿಡಿ, ಈ ವರ್ಷದ ಮಾರಾಟದಲ್ಲಿ ಸೇರುತ್ತದೆ. ಅವರ ಟಾರ್ಗೆಟ್ಟಿಗೆ ಅಷ್ಟೇ ಕೊರತೆ. ಮಾರ್ಚ್ 31ರಂದು ಇಂಥ ಕೋರಿಕೆ ಬಾರದ ಅಕೌಂಟ್ಸ್ ವಿಭಾಗ ಇದೆಯಾ ಅಂತ ನನಗೆ ಸಂಶಯ.

ಅವಳು ಅಂದದ್ದು, "ಸರ್, ಮಾಲು ಗೇಟ್ ದಾಟಿಲ್ಲ. ಗೇಟ್ ಪಾಸ್ ಇಲ್ಲ, ಸಾಗಣೆಯ ಇ-ವೇ ಬಿಲ್ ಏಪ್ರಿಲ್‌ದು ಬರುತ್ತೆ. ಆಡಿಟರ್ ಮೊದಲು ನೋಡೋದೇ ಕೊನೇ ವಾರದ ಬಿಲ್ಲುಗಳನ್ನ." ಅವರು ಬಿಡಲಿಲ್ಲ. "ಇವತ್ತು ನಿಮ್ಮ ಹಬ್ಬ ಅಲ್ವಾ, ಒಂದು ಒಳ್ಳೆ ಕೆಲಸ ಮಾಡಿ." ಅವಳು ಎದ್ದು ಹೋಗಿ ಮ್ಯಾನೇಜರ್‌ಗೆ ವಿಷಯ ತಿಳಿಸಿದಳು. ಅವರು ಮೊದಲು ಇವಳ ಮೇಲೇ ರೇಗಿದರು, ಆಮೇಲೆ ತಲೆ ಕೆರೆದುಕೊಂಡು ಬಿಲ್ಲು ಏಪ್ರಿಲ್‌ಗೆ ಹೋಗಲಿ ಎಂದರು. ಸೇಲ್ಸ್‌ನವರಿಗೆ ಆ ವರ್ಷದ ಇನ್ಸೆಂಟಿವ್ ತಪ್ಪಿತು. ಮನೆ ಸಾಲ ಇದ್ದವರು. ಬಹಳ ತಿಂಗಳು ಇವಳ ಜೊತೆ ಮಾತಾಡಲಿಲ್ಲ, ನನಗೆ ಅವರ ಸಿಟ್ಟೂ ಅರ್ಥವಾಗುತ್ತದೆ.

ಗಮನಿಸಿ, ಆ ಇಡೀ ಸಂಜೆ ಅವಳು ಧರ್ಮದ ಮಾತೇ ಎತ್ತಲಿಲ್ಲ. ನಮ್ಮ ಎಣಿಕೆಯಲ್ಲಿ ಸುಳ್ಳು ಸಾಕ್ಷಿ ಹೇಳಬೇಡ ಎಂಬುದು ಎಂಟನೇ ಆಜ್ಞೆ. ಅದು ಅವಳ ತಲೆಯಲ್ಲಿ ಇದ್ದಿರಬಹುದು. ಬಾಯಲ್ಲಿ ಬಂದದ್ದು ಗೇಟ್ ಪಾಸ್. ಅದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ. ತಪ್ಪು ಲೆಕ್ಕ ಎಲ್ಲರಿಗೂ ತಪ್ಪು ಲೆಕ್ಕವೇ. ಅಲ್ಲಿ ಬೈಬಲ್ ತೆಗೆದರೆ ಎದುರಿನವರನ್ನು ಪಾಪಿಯ ಜಾಗದಲ್ಲಿ ನಿಲ್ಲಿಸಿದಂತೆ.

ಆದರೂ ಕ್ಯಾಂಟೀನಿನಲ್ಲಿ ಮಾತು ಹಬ್ಬಿತು. "ಚರ್ಚಿಗೆ ಹೋಗೋಳಲ್ವಾ, ಹಾಗೇನೇ" ಅಂತ. ಹೊಗಳಿದವರು ಇದೇ ಮಾತು ಆಡಿದರು, ತೆಗಳಿದವರೂ ಇದನ್ನೇ ಆಡಿದರು. ಅವಳಿಗೆ ಬೇಜಾರಾಯಿತು. "ನಾನು ಅಕೌಂಟೆಂಟ್ ಆಗಿ ಹೇಳಿದ್ದು ಅಂಕಲ್." ಹೌದು, ಆದರೆ ಹಣೆಗೆ ಬೂದಿ ಹಚ್ಚಿಕೊಂಡು ಆಫೀಸಿಗೆ ಬಂದ ದಿನದಿಂದ ಜನ ನಮ್ಮನ್ನೂ ಆಡಿಟ್ ಮಾಡುತ್ತಿರುತ್ತಾರೆ. ನಾಳೆ ಅವಳು ಪೆಟ್ಟಿ ಕ್ಯಾಷ್‌ನಲ್ಲಿ ಹತ್ತು ರೂಪಾಯಿ ತಪ್ಪಿದರೂ ಬೈಗುಳ ಚರ್ಚಿನ ತನಕ ಹೋಗುತ್ತದೆ. ಬಹಿರಂಗವಾಗಿ ನಂಬಿಕೆ ಇಟ್ಟುಕೊಳ್ಳುವುದರ ಖರ್ಚು ಇದು. ರಜೆ ಸಿಗದಿರುವುದು ಅದರ ಮುಂದೆ ಚಿಕ್ಕದು.

ಹಾಗೇ, "ನೀವು ಕನ್ವರ್ಟ್ ಆದೋರಾ?" ಎಂಬ ಪ್ರಶ್ನೆ. ಅದು ಎಲ್ಲ ಕಡೆ ಬರುತ್ತದೆ, ಅವಳಿಗೂ ಬಂತು. ಯೇಸುಸಭೆಯ (ಜೆಸ್ವಿಟ್) ಗುರುಗಳು ಮೈಸೂರು ಸೀಮೆಗೆ ಬಂದದ್ದು 17ನೇ ಶತಮಾನದಲ್ಲಿ, ಕನ್ನಡ ಕಲಿತು ಹಳ್ಳಿ ಹಳ್ಳಿ ತಿರುಗಿದವರು ಅವರು. ಅಷ್ಟು ಇತಿಹಾಸ ಕ್ಯಾಂಟೀನಿನಲ್ಲಿ ಬೇಕಿಲ್ಲ. ಅವಳು "ನಮ್ಮ ತಾತನ ತಾತನೂ ಕಥೋಲಿಕರೇ" ಅಂದು ಮುಗಿಸಿದಳು. ಕೇಳಿದರೆ ಉತ್ತರ ಕೊಡು, ಕೇಳದೆ ಶುರು ಮಾಡಬೇಡ ಎಂದು ನಾನು ಎಲ್ಲ ಹುಡುಗರಿಗೂ ಹೇಳುತ್ತೇನೆ. ಮುಖ್ಯವಾಗಿ ನಮ್ಮ ಕೈಕೆಳಗೆ ಕೆಲಸ ಮಾಡುವವರ ಹತ್ತಿರ ಶುರು ಮಾಡಲೇಬಾರದು.

ಕುಂಕುಮದ ತಟ್ಟೆ

ಆ ವರ್ಷ ಆಯುಧಪೂಜೆ ಅಕ್ಟೋಬರ್ 11. ಹಿಂದಿನ ದಿನ ಸಂಜೆ ಇಡೀ ವಿಭಾಗ ಸೇರಿ ಸಿಸ್ಟಮ್ ಒರೆಸಿ, ಮಾವಿನ ತೋರಣ ಕಟ್ಟಿ, ಪ್ರಿಂಟರಿಗೆ ಚೆಂಡು ಹೂವಿನ ಹಾರ ಹಾಕುವುದು ರೂಢಿ. ಅವಳೂ ಸೇರಿಕೊಂಡಳು, ಬಾಗಿಲಿಗೆ ರಂಗೋಲಿ ಹಾಕಿದ್ದೂ ಅವಳೇ. ಮಂಗಳಾರತಿ ಹೊತ್ತಿನಲ್ಲಿ ಹಿಂದೆ ಸುಮ್ನೆ ನಿಂತಳು. ಬೂದುಗುಂಬಳಕಾಯಿ ಒಡೆದರು. ಆಫೀಸ್ ಬಾಯ್ ಕುಂಕುಮದ ತಟ್ಟೆ ಹಿಡಿದು ಅವಳ ಮುಂದೆ ಬಂದ. "ಕುಂಕುಮ ಬೇಡಪ್ಪ, ಹೂ ಕೊಡು" ಅಂದು ಮಲ್ಲಿಗೆ ತೆಗೆದುಕೊಂಡು ಮುಡಿದಳು. ಆಗ ವಿಭೂತಿಯ ಹಿರಿಯರು, ಯಾವ ಕೊಂಕೂ ಇಲ್ಲದೆ, ಕೇಳಿಯೇಬಿಟ್ಟರು: "ನಿಮ್ಮ ಬೂದಿ ನಮಗೆ ಒಪ್ಪಿಗೆ ಆಯ್ತು. ನಮ್ಮ ಕುಂಕುಮ ನಿಮಗೆ ಯಾಕೆ ಬೇಡ ತಾಯಿ?"

ಅವಳ ಹತ್ತಿರ ಉತ್ತರ ಇರಲಿಲ್ಲ. ನಗಲು ನೋಡಿದಳು, ಆಗಲಿಲ್ಲ. ಬೇರೆ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಚರ್ಚು ತಿರಸ್ಕರಿಸುವುದಿಲ್ಲ ಎಂದು ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಆದರೆ ಗೌರವಿಸುವುದು ಬೇರೆ, ಪೂಜೆಯಲ್ಲಿ ಪಾಲ್ಗೊಳ್ಳುವುದು ಬೇರೆ. ಗೆರೆ ಎಲ್ಲಿ ಎಳೆಯಬೇಕು ಎಂಬುದರಲ್ಲಿ ಕಥೋಲಿಕರೆಲ್ಲ ಒಂದೇ ತರ ಇಲ್ಲ. ಕುಂಕುಮ ಇಡಿಸಿಕೊಳ್ಳುವವರನ್ನೂ ನೋಡಿದ್ದೇನೆ, ಪುರಿ ಸಹ ಮುಟ್ಟದವರನ್ನೂ ನೋಡಿದ್ದೇನೆ. ಅವಳು ಪುರಿ ತಿಂದಳು, ಕುಂಕುಮ ಬೇಡ ಅಂದಳು. ಅದಕ್ಕೆ ಸೊಗಸಾದ ತರ್ಕ ಹುಡುಕಿಕೊಡು ಎಂದರೆ ನನ್ನಿಂದಾಗದು. ಹಿರಿಯರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಬಹುಶಃ ಅದಕ್ಕೆ ಆಗಸ್ಟ್ 16 ಕಾರಣ. ಅವತ್ತು ವರಮಹಾಲಕ್ಷ್ಮಿ ವ್ರತ, ವಿಭಾಗದ ಹೆಂಗಸರೆಲ್ಲ ರಜೆ, ಹಿರಿಯರ ಸೊಸೆಯೂ ಅಲ್ಲೇ ಕೆಲಸ. ಎಲ್ಲರ ಸೀಟಿನ ಕೆಲಸವನ್ನೂ ನಮ್ಮ ಹುಡುಗಿ ಒಬ್ಬಳೇ ನಿಭಾಯಿಸಿದ್ದಳು, ಯಾರೂ ಕೇಳುವ ಮುಂಚೆಯೇ ತಾನಿರುತ್ತೇನೆ ಎಂದಿದ್ದಳು.

ಮುಂದಿನ ವರ್ಷ ಪಾತ್ರ ಬದಲಾಯಿತು. ಅವಳ ಕೈಕೆಳಗೆ ಒಬ್ಬ ಹೊಸ ಹುಡುಗ ಸೇರಿದ, ಮುಸ್ಲಿಂ. 2025ರ ಬೂದಿ ಬುಧವಾರ ಮಾರ್ಚ್ 5, ರಂಜಾನ್ ಉಪವಾಸ ಶುರುವಾದದ್ದೂ ಅದೇ ವಾರ. ಆ ಸಲ ಈದ್ ಬಂದದ್ದು ಸರಿಯಾಗಿ ಮಾರ್ಚ್ 31ಕ್ಕೆ. ಹುಡುಗ ಬಾಯಿ ಬಿಡಲಿಲ್ಲ. ನಾವಾಗಿ ಕೇಳಬೇಕಾ, ಅವನೇ ಹೇಳುವ ತನಕ ಕಾಯಬೇಕಾ ಎಂದು ಅವಳು ನನ್ನನ್ನು ಕೇಳಿದಳು. ಕಾಯಿ ಅಂದೆ, ಎಲ್ಲರಿಗೂ ತಮ್ಮ ಧರ್ಮದ ಮಾತು ಆಫೀಸಿನಲ್ಲಿ ಆಡಲು ಇಷ್ಟ ಇರುವುದಿಲ್ಲ. ಅವಳು ಕಾಯಲಿಲ್ಲ. ನೇರ ಹೋಗಿ "ಈದ್‌ಗೆ ಏನು ಮಾಡ್ತೀಯ?" ಅಂತ ಕೇಳಿದಳು. "ನಮಾಜ್ ಮುಗಿಸಿ ಹನ್ನೊಂದಕ್ಕೆ ಬರ್ತೀನಿ ಮೇಡಂ" ಅಂದ. "ಬರಬೇಡ, ಏಪ್ರಿಲ್ 1ಕ್ಕೆ ಬಾ. ಬರುವಾಗ ಬಿರಿಯಾನಿ ತಾ. ಅವತ್ತು ಮಂಗಳವಾರ, ನನಗೂ ನಡೆಯುತ್ತೆ."

ಮ್ಯಾನೇಜರ್ ಗೊಣಗಿದರು. ಹೋದ ವರ್ಷ ನೀವು, ಈ ವರ್ಷ ಅವನು, ಮುಂದಿನ ವರ್ಷ ಯಾರು? ಅವಳು 2026ರ ಕ್ಯಾಲೆಂಡರ್ ತೆಗೆದು ತೋರಿಸಿದಳು. ಮಾರ್ಚ್ 31 ಮಹಾವೀರ ಜಯಂತಿ. ಸ್ಟೋರ್ಸ್‌ನಲ್ಲಿ ಒಬ್ಬರು ಜೈನರಿದ್ದಾರೆ. ಆಮೇಲಿಂದ ಮಾರ್ಚ್‌ನಲ್ಲಿ ಯಾರಿಗೆ ಯಾವ ದಿನ ಬೇಕು ಅಂತ ಮ್ಯಾನೇಜರ್ ಜನವರಿಯಲ್ಲೇ ಒಂದು ಹಾಳೆ ಓಡಿಸುತ್ತಾರೆ. ಐದು ಹಬ್ಬದ ಪಟ್ಟಿಯಲ್ಲಿ ಗುಡ್ ಫ್ರೈಡೇ ಇನ್ನೂ ಇಲ್ಲ.